ಕೈ ಎಳೆದದ್ದು ಕಾಲಿಗೆ ಸೇರಬೇಕು

ಒಬ್ಬರೇ ಕೂತು ಹುಟ್ಟು ಹಾಕುವ ಸೋಲೋ ಕನೂ ಕೊಳ್ಳಲು ಹೊರಟವರ ಮುಂದೆ ಅಮೆರಿಕದ ಅಂಗಡಿಗಳಲ್ಲಿ ಮೊದಲು ಬರುವುದು ತೂಕದ ಲೆಕ್ಕ. ಕೆವ್ಲಾರ್‌ನದಾದರೆ ಎಷ್ಟು, ಕಾರ್ಬನ್ ಸೇರಿದರೆ ಎಷ್ಟು ಕಡಿಮೆ, ಅಂಚಿಗೆ ಮರ ಬೇಕೋ ಅಲ್ಯೂಮಿನಿಯಂ ಸಾಕೋ. ಆಮೇಲೆ ಆಸನದ ಮಾತು, ಬಣ್ಣದ ಮಾತು. ಪಾದ ಒತ್ತಿ ಕೂರಲು ಆನಿಕೆಯಾಗುವ ಫುಟ್ ಬ್ರೇಸ್ ಬೇಕೇ ಎಂಬ ಪ್ರಶ್ನೆ ಏಳುವುದು ಬಹುಮಟ್ಟಿಗೆ ಬಿಲ್ಲು ಬರೆಯುವ ಹೊತ್ತಿಗೆ. ಬೇಕು ಎಂದರೆ ನೆಲದ ಮೇಲಿನ ಖಾಲಿ ದೋಣಿಯಲ್ಲಿ ಕೂತು ಕಾಲು ಚಾಚಬೇಕು, ಪಾದ ಎಲ್ಲಿ ಮುಟ್ಟಿತೋ ಅಲ್ಲಿನ ತೂತಿಗೆ ತಿರುಪು ಬಿಗಿಯಬೇಕು. ಅಷ್ಟಕ್ಕೆ ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ.

ಮುಗಿಯುವುದಿಲ್ಲ. ಇಡೀ ದೋಣಿಯಲ್ಲಿ ಅತಿ ಹೆಚ್ಚು ಅಸಡ್ಡೆಯಿಂದ ನಡೆಯುವ ಕೆಲಸ ಇದು. ತಪ್ಪು ಜಾಗದಲ್ಲಿ ಕೂತ ಬ್ರೇಸಿಗಿಂತ ಬ್ರೇಸ್ ಇಲ್ಲದ ದೋಣಿ ಎಷ್ಟೋ ವಾಸಿ.

ವಸ್ತುವಿನಲ್ಲಿ ಅಂಥ ವಿಶೇಷವೇನೂ ಇಲ್ಲ. ಮಿನೆಸೋಟದ ವಿನೋನಾ ಊರಿನ ವೆನೋನಾ ಕಂಪನಿಯ ದೋಣಿಗಳಲ್ಲಿ ಕಾಣುವಂಥದ್ದು ಎಲ್ಲರಿಗೂ ಗೊತ್ತಿರುವ ಮಾದರಿ: ದೋಣಿಯ ಎರಡೂ ಪಕ್ಕಕ್ಕೆ ಒಳಗಿನಿಂದ ಕೂರಿಸಿದ, ಸಾಲಾಗಿ ತೂತು ಕೊರೆದ ಎರಡು ಪಟ್ಟಿ; ಅವುಗಳ ನಡುವೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಕೊಳವೆ. ಕೊಳವೆಯನ್ನು ಹಿಂದೆ ಮುಂದೆ ಜರುಗಿಸಿ ಬೇಕಾದ ತೂತಿಗೆ ಬಿಗಿಯಬಹುದು. ಹತ್ತಿರದಿಂದ ನೋಡಿದರೆ ತಾಪತ್ರಯಗಳು ಕಾಣತೊಡಗುತ್ತವೆ. ದೋಣಿ ಮೂತಿಯ ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ ಒಂದೇ ಅಳತೆಯ ಕೊಳವೆ ಎಲ್ಲ ತೂತಿಗೂ ಒಗ್ಗುವುದಿಲ್ಲ. ಒಂದರೊಳಗೊಂದು ಜಾರುವ ಎರಡು ಕೊಳವೆ ಬೇಕು, ಇಲ್ಲವೆ ತುದಿಗಳಲ್ಲಿ ಸ್ವಲ್ಪ ಸಡಿಲು ಬಿಡಬೇಕು. ಆ ಸಡಿಲಿನಲ್ಲೇ ಮರಳು ಸೇರುತ್ತದೆ, ತಿರುಪು ಕಚ್ಚಿಕೊಳ್ಳುತ್ತದೆ. ಎಡಕ್ಕೆ ಐದನೆಯ ತೂತು, ಬಲಕ್ಕೆ ಆರನೆಯದು ಆಗಿಬಿಟ್ಟರೆ ಕೊಳವೆ ಒಂದಿಷ್ಟು ಓರೆಯಾಗಿ ಕೂರುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ; ಮಧ್ಯಾಹ್ನದ ಹೊತ್ತಿಗೆ ಸೊಂಟದ ಒಂದು ಮಗ್ಗುಲಿಗೆ ಗೊತ್ತಾಗುತ್ತದೆ.

ಇದೆಲ್ಲ ಏಕೆ ಮುಖ್ಯ ಎಂದರೆ, ದೋಣಿಯನ್ನು ತಳ್ಳುವುದು ಕೊನೆಗೂ ಕಾಲು. ಹುಟ್ಟಿನ ಅಲಗನ್ನು ನೀರಿಗೆ ಇಳಿಸಿ ಎಳೆದಾಗ ನೀರು ಅಲಗನ್ನು ತಡೆಯುತ್ತದೆ. ಆ ತಡೆ ಕೈ, ಹೆಗಲು, ಬೆನ್ನಿನ ಮೂಲಕ ಬಂದು ಕೂತವರ ಮೈಯನ್ನೇ ಮುಂದಕ್ಕೆ ಎಳೆಯುತ್ತದೆ. ಮೈ ಮುಂದೆ ಹೋದರೆ ಸಾಲದು, ದೋಣಿಯೂ ಜೊತೆಗೆ ಹೋಗಬೇಕು. ಕಾಲಿಗೆ ಆನಿಕೆ ಇಲ್ಲದಿದ್ದರೆ ಮೈಗೂ ದೋಣಿಗೂ ಇರುವ ಸಂಬಂಧ ಆಸನದ ಮೇಲಿನ ಬಟ್ಟೆಯ ಉಜ್ಜಾಟ ಮಾತ್ರ. ಬಾವಿಯಿಂದ ನೀರು ಸೇದುವವರು ಭಾರದ ಕೊಡ ಮೇಲೆ ಬರುವಾಗ ಒಂದು ಕಾಲನ್ನು ಕಟ್ಟೆಗೆ ಒತ್ತಿ ನಿಲ್ಲುತ್ತಾರಲ್ಲ, ಆ ಕಟ್ಟೆಯ ಕೆಲಸವೇ ಬ್ರೇಸಿನದೂ. ಕಟ್ಟೆ ಒಂದು ಗೇಣು ದೂರವಾದರೆ ಸೇದುವವರ ನಡು ಏನಾದೀತು ಎಂದು ಯೋಚಿಸಿದರೆ ಬ್ರೇಸಿನ ಜಾಗದ ಪ್ರಶ್ನೆ ಅರ್ಥವಾಗುತ್ತದೆ.

ಮೊದಲು ಕನೂವಿಗೆ ಬ್ರೇಸ್ ಬೇಕಿರಲಿಲ್ಲ. ಕೆನಡಾದ ಹಳೆಯ ಪದ್ಧತಿಯಲ್ಲಿ ಒಂಟಿ ಅಂಬಿಗ ಮಂಡಿಯೂರುತ್ತಾನೆ. ಎರಡು ಮಂಡಿ ತಳಕ್ಕೆ, ಪೃಷ್ಠ ಆಸನದ ಅಂಚಿಗೆ. ಮೂರು ಕಡೆ ದೋಣಿಗೆ ಅಂಟಿಕೊಂಡ ಮೇಲೆ ಪಾದಕ್ಕೆ ಬೇರೆ ಕೆಲಸವಿಲ್ಲ. ಬಿಲ್ ಮೇಸನ್ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ 1977ರಲ್ಲಿ ಮಾಡಿದ ಪಾತ್ ಆಫ್ ದ ಪ್ಯಾಡಲ್ ಚಿತ್ರಗಳನ್ನು ನೋಡಿದವರಿಗೆ ಈ ಭಂಗಿ ಪರಿಚಿತ. ಮಂಡಿಯೂರಿ, ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಒಂದೇ ಕಡೆ ಹುಟ್ಟು ಹಾಕುತ್ತಾ ತಿರುಗುವ ಆ ನಾಜೂಕಿಗೆ ಅಡ್ಡಕೊಳವೆಯ ಹಂಗಿಲ್ಲ.

ಬ್ರೇಸ್ ಅನಿವಾರ್ಯವಾದದ್ದು ಜನ ಕೂತು ಹುಟ್ಟು ಹಾಕತೊಡಗಿದ ಮೇಲೆ. ಮಿನೆಸೋಟದ ಪಂದ್ಯಗಾರ, ದೋಣಿ ವಿನ್ಯಾಸಕಾರ ಯೂಜೀನ್ ಜೆನ್ಸನ್ ಇದರಲ್ಲಿ ದೊಡ್ಡ ಹೆಸರು. ತಗ್ಗಿನ ಆಸನದಲ್ಲಿ ಕೂತು, ಚಿಕ್ಕ ಚಿಕ್ಕ ಎಳೆತ ಎಳೆದು, ಕೆಲವು ಎಳೆತಕ್ಕೊಮ್ಮೆ ಹುಟ್ಟನ್ನು ಪಕ್ಕ ಬದಲಿಸುವ ಪದ್ಧತಿ ಮಿನೆಸೋಟ ಸ್ವಿಚ್ ಎಂದೇ ಹೆಸರಾಯಿತು. 1970ರ ದಶಕದ ಆರಂಭದಲ್ಲಿ ಬಂದ ಬಾಗಿದ ಹಿಡಿಯ ಹುಟ್ಟಿನ ಹಿಂದೆಯೂ ಜೆನ್ಸನ್ ಇದ್ದರು. ಕೂತವರ ಎಳೆತ ನೀರನ್ನು ಮೇಲೆತ್ತದೆ ಹಿಂದಕ್ಕೆ ತಳ್ಳಲಿ ಎಂಬುದು ಆ ಬಾಗಿನ ಉದ್ದೇಶ. ವೇಗ ಬಂತು, ಮಂಡಿನೋವು ಹೋಯಿತು. ಆದರೆ ಮಂಡಿ ತಳಬಿಟ್ಟ ಗಳಿಗೆಯಲ್ಲೇ ಮೈಗೂ ದೋಣಿಗೂ ಇದ್ದ ಕೊಂಡಿ ಕಳಚಿತ್ತು. ಅದನ್ನು ಮತ್ತೆ ಬೆಸೆಯಲು ಬಂದದ್ದೇ ಈ ಕೊಳವೆ. ಇಷ್ಟು ದೊಡ್ಡ ಜವಾಬ್ದಾರಿಯ ಸಾಮಾನನ್ನು ಬಿಲ್ಲಿನ ಕೊನೆಯ ಸಾಲಿಗೆ ತಳ್ಳಿರುವುದು ವಿಚಿತ್ರ.

ಇನ್ನು ಜಾಗದ ಮಾತು. ದೂರವನ್ನು ಗೊತ್ತುಮಾಡಲು ಕಾಲು ಚಾಚಿ ನೋಡುವ ಪದ್ಧತಿಯೇ ತಪ್ಪು. ಹುಟ್ಟು ಹಾಕುವಾಗ ಕಾಲು ಚಾಚಿದಂತೆಯೇ ಇರುವುದಿಲ್ಲ. ಬಲಕ್ಕೆ ಎಳೆಯುವಾಗ ಬಲಗಾಲು ಒತ್ತುತ್ತದೆ, ಬಲ ಸೊಂಟ ಹಿಂದೆ ಸರಿಯುತ್ತದೆ, ಮುಂಡ ತಿರುಗುತ್ತದೆ. ಅಂದರೆ ಅಲಗು ನೀರಿಗೆ ಬೀಳುವಾಗ ಮಂಡಿ ಬಾಗಿರಬೇಕು, ಎಳೆತ ಮುಗಿಯುವಾಗ ಕಾಲು ಬಹುಪಾಲು ನೆಟ್ಟಗಾಗಬೇಕು, ಪೂರ್ತಿ ಬಿಗಿದುಕೊಳ್ಳಬಾರದು. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಎಳೆತದ ಕೊನೆಯಲ್ಲಿ. ಆಗಲೂ ಮಂಡಿಯಲ್ಲಿ ಒಂಚೂರು ಬಾಗು ಉಳಿದಿದ್ದರೆ ದೂರ ಸರಿ.

ಕೊಳವೆ ದೂರವಾದಾಗ ಏನಾಗುತ್ತದೆ ಎಂಬುದನ್ನು ಯಾವ ಕೆರೆಯ ದಡದಲ್ಲಿ ನಿಂತೂ ನೋಡಬಹುದು. ಅಂಬಿಗ ಬೆರಳ ತುದಿಯಿಂದ ಕೊಳವೆಯನ್ನು ಹುಡುಕುತ್ತಾ ಆಸನದಲ್ಲಿ ಇಷ್ಟಿಷ್ಟೇ ಮುಂದೆ ಜಾರುತ್ತಾನೆ, ಬೆನ್ನು ಬಿಲ್ಲಾಗುತ್ತದೆ, ಗಲ್ಲ ಮುಂದೆ ಚಾಚುತ್ತದೆ. ಕಾಲು ನೀಳವಾಗಿ ಚಾಚಿದಾಗ ತೊಡೆಯ ಹಿಂದಿನ ಸ್ನಾಯು ಸೊಂಟದ ಎಲುಬನ್ನು ಹಿಂದಕ್ಕೆ ಎಳೆಯುತ್ತದೆ. ನೆಟ್ಟಗೆ ಕೂರಬೇಕೆಂದರೂ ಕೂರಲಾಗುವುದಿಲ್ಲ. ತೀರಾ ಹತ್ತಿರವಾದರೆ ಮಂಡಿ ಎದ್ದು ನಿಂತು ಪಕ್ಕ ಬದಲಿಸುವಾಗ ಹುಟ್ಟಿಗೆ ತಾಗುತ್ತದೆ. ಎರಡು ತೂತುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಹತ್ತಿರದ್ದನ್ನೇ ಆರಿಸಿಕೊಳ್ಳಬೇಕು. ಮಂಡಿ ತಾಗುವುದು ಒಡನೆಯೇ ತಿಳಿಯುತ್ತದೆ, ತಿದ್ದಿಕೊಳ್ಳಬಹುದು. ಬೆನ್ನು ಗೂನಾದದ್ದು ತಿಳಿಯುವುದು ರಾತ್ರಿ ಡೇರೆಯಲ್ಲಿ ಮಗ್ಗುಲು ಬದಲಿಸುವಾಗ.

ಪಾದರಕ್ಷೆಯೂ ಈ ಲೆಕ್ಕದಲ್ಲಿದೆ. ತೆಳು ಅಟ್ಟೆಯ ನೀರಿನ ಬೂಟಿನಿಂದ ದಪ್ಪ ರಬ್ಬರ್ ಬೂಟಿಗೆ ಬದಲಾದರೆ ಒಂದು, ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ತೂತುಗಳು ಅಂಗುಲಕ್ಕೊಂದರಂತೆ ಇದ್ದರೆ ಅರ್ಧ ತೂತು ಅಲ್ಲೇ ಹೋಯಿತು. ಸಾಕ್ಸ್ ಹಾಕಿ ಅಂಗಡಿಯಲ್ಲಿ ತೆಗೆದ ಅಳತೆಗೆ ನೀರಿನಲ್ಲಿ ಬೆಲೆಯಿಲ್ಲ.

ದೂರದ ಬಗ್ಗೆಯಾದರೂ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಎತ್ತರದ ಬಗ್ಗೆ ಯಾರೂ ಕೇಳುವುದಿಲ್ಲ, ಏಕೆಂದರೆ ಕಂಪನಿಗಳು ಅದನ್ನು ಕೇಳುವ ಅವಕಾಶವನ್ನೇ ಬಿಟ್ಟಿಲ್ಲ. ಸಣ್ಣ ಲೆಕ್ಕವೊಂದನ್ನು ಹಾಕಬಹುದು. 25 ಸೆಂಟಿಮೀಟರ್ ಉದ್ದದ ಪಾದದಲ್ಲಿ ಹೆಬ್ಬೆರಳ ಬುಡದ ಉಬ್ಬು ಹಿಮ್ಮಡಿಯಿಂದ ಸುಮಾರು 18 ಸೆಂಟಿಮೀಟರ್ ದೂರ. ಹಿಮ್ಮಡಿ ತಳದ ಮೇಲಿದ್ದು ಪಾದ 60 ಡಿಗ್ರಿ ಓರೆಯಾಗಿ ನಿಂತರೆ ಆ ಉಬ್ಬು ತಳದಿಂದ ಸುಮಾರು 15.5 ಸೆಂಟಿಮೀಟರ್ ಮೇಲಿರುತ್ತದೆ. ಕೊಳವೆ 10 ಸೆಂಟಿಮೀಟರಿನಲ್ಲಿ ಕೂತಿದ್ದರೆ ಅದು ಒತ್ತುವುದು ಅಂಗಾಲಿನ ನಡುವಿನ ಗುಳಿಗೆ, ಪಾದದಲ್ಲಿ ಒತ್ತಡ ತಾಳುವ ಶಕ್ತಿ ಎಲ್ಲಕ್ಕಿಂತ ಕಡಿಮೆ ಇರುವ ಜಾಗಕ್ಕೆ. ಅದೂ ದುಂಡನೆಯ ಕೊಳವೆ. ಇಡೀ ಒತ್ತಡ ಒಂದು ಗೆರೆಯ ಮೇಲೆ. ಬಳಸುವವರು ಕೊಳವೆಗೆ ಪೈಪಿನ ಫೋಮ್ ಸುತ್ತುವುದು, ಹಲಗೆಯ ತುಂಡು ಕಟ್ಟುವುದು ಈ ಕಾರಣಕ್ಕೇ. ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಅದೇ ರಿಪೇರಿ ಮಾಡಿಕೊಳ್ಳುತ್ತಿದ್ದಾರೆ ಎಂದರೆ ಕೊರತೆ ವಿನ್ಯಾಸದಲ್ಲೇ ಇದೆ. ರೋಯಿಂಗ್ ದೋಣಿಗಳ ಕಾಲುಹಲಗೆಯನ್ನು ನೋಡಿದರೆ ನಾಚಿಕೆಯಾಗಬೇಕು: ಅಲ್ಲಿ ದೂರ, ಎತ್ತರ, ಓರೆ ಮೂರನ್ನೂ ಹೊಂದಿಸಬಹುದು, ಬೇರೆ ದೋಣಿಗೆ ಹತ್ತಿದ ಕೂಡಲೇ ತಂಡದವರು ಮೊದಲು ಮಾಡುವುದು ಅದನ್ನೇ. ಕನೂವಿನವರಿಗೆ ಸಿಕ್ಕಿರುವುದು ದೂರ ಒಂದೇ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಆಸನಕ್ಕೂ ಬ್ರೇಸಿಗೂ ಇರುವ ಹೊಂದಾಣಿಕೆಯಲ್ಲಿದೆ. ಸೋಲೋ ಕನೂವಿನಲ್ಲಿ ತೂಕದ ಸಮತೋಲ ಬಲು ಸೂಕ್ಷ್ಮ. ಮೂತಿ ಹಗುರವಾದರೆ ಗಾಳಿ ಅದನ್ನು ಹೊಡೆದುಕೊಂಡು ಹೋಗುತ್ತದೆ. ಹಿಂಭಾಗ ಹಗುರವಾದರೆ ದೋಣಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಅದಕ್ಕೆಂದೇ ವೆನೋನಾದ ಅಡ್ವಾಂಟೇಜ್‌ನಂಥ ಮಾದರಿಗಳಲ್ಲಿ ಜರುಗುವ ಆಸನ ಇರುತ್ತದೆ. ಎದುರುಗಾಳಿಗೆ ಮುಂದೆ, ಹಿಂಗಾಳಿಗೆ ಹಿಂದೆ. ಕೂತಲ್ಲಿಂದಲೇ ಸೊಂಟ ಎತ್ತಿ ಜರುಗಿಸಿಕೊಳ್ಳುವ ಸೌಲಭ್ಯ ನಿಜಕ್ಕೂ ಚೆನ್ನ. ಆದರೆ ಆಸನ ಐದು ಸೆಂಟಿಮೀಟರ್ ಹಿಂದೆ ಸರಿದರೆ ಬ್ರೇಸ್ ಐದು ಸೆಂಟಿಮೀಟರ್ ದೂರವಾಯಿತು. ಅದನ್ನು ಸರಿಪಡಿಸಲು ಪಾದದ ಆಚೆ ಇರುವ ಎರಡು ತಿರುಪನ್ನು ಎರಡೂ ಪಕ್ಕದಲ್ಲಿ ಸಡಿಲಿಸಬೇಕು. ಅಲೆಯ ಮೇಲೆ, ಹುಟ್ಟನ್ನು ಕೆಳಗಿಟ್ಟು, ಮುಂದಕ್ಕೆ ಬಗ್ಗಿ. ಯಾವ ಜಾಣ ಅಂಬಿಗನೂ ಅದಕ್ಕೆ ಕೈಹಾಕುವುದಿಲ್ಲ. ಹೀಗಾಗಿ ಆಸನ ಜರುಗುತ್ತಲೇ ಇರುತ್ತದೆ, ಬ್ರೇಸ್ ಬೆಳಿಗ್ಗೆ ಇದ್ದಲ್ಲೇ ಇರುತ್ತದೆ, ನಡುವಿನ ಕೊರತೆಯನ್ನು ಬೆನ್ನು ತುಂಬಿಕೊಡುತ್ತದೆ.

ಇದಕ್ಕೆ ಪ್ರವಾಸಿಗರ ಮಟ್ಟಿಗೆ ಒಂದು ದಾರಿಯಿದೆ: ಆಸನ ಮತ್ತು ಬ್ರೇಸನ್ನು ಒಂದು ಜೋಡಿಯೆಂದು ಗೊತ್ತುಮಾಡಿ ಅಲ್ಲೇ ಬಿಡುವುದು, ಸಮತೋಲವನ್ನು ಸಾಮಾನಿನಿಂದ ಸಾಧಿಸುವುದು. ಲೆಕ್ಕ ಇದಕ್ಕೆ ಒಪ್ಪುತ್ತದೆ. 70 ಕಿಲೋ ತೂಕದವರು 10 ಸೆಂಟಿಮೀಟರ್ ಸರಿಯುವುದೂ 14 ಕಿಲೋ ಚೀಲವನ್ನು 50 ಸೆಂಟಿಮೀಟರ್ ಸರಿಸುವುದೂ ದೋಣಿಗೆ ಒಂದೇ. ದಿನದ ಮಟ್ಟಿಗೆ ಖಾಲಿ ದೋಣಿಯಲ್ಲಿ ಹೊರಟವರು ಐದು ಲೀಟರ್ ನೀರಿನ ಕ್ಯಾನನ್ನು 140 ಸೆಂಟಿಮೀಟರ್ ಮುಂದಕ್ಕೆ ತಳ್ಳಿದರೂ ಅಷ್ಟೇ ಫಲ. ಚೀಲಕ್ಕೆ ಬೆನ್ನಿಲ್ಲ, ಅದು ಎಲ್ಲಿಗೆ ಸರಿದರೂ ನೋಯುವುದಿಲ್ಲ.

ಆದರೆ ಪಂದ್ಯದವರಿಗೆ ಈ ಸಲಹೆ ಒಗ್ಗದು. ಟೆಕ್ಸಸ್ ವಾಟರ್ ಸಫಾರಿ ಎಂಬ ಓಟ 1963ರಿಂದ ನಡೆಯುತ್ತಿದೆ. ಸ್ಯಾನ್ ಮಾರ್ಕೋಸ್‌ನಿಂದ ಸಮುದ್ರತೀರದ ಸೀಡ್ರಿಫ್ಟ್‌ವರೆಗೆ 260 ಮೈಲಿ, ಮುಗಿಸಲು 100 ಗಂಟೆಯ ಗಡುವು. ಕೆನಡಾದ ಯೂಕಾನ್ ರಿವರ್ ಕ್ವೆಸ್ಟ್ 715 ಕಿಲೋಮೀಟರಿನದು. ಇಂಥ ಕಡೆ ಒಂಟಿಯಾಗಿ ಇಳಿಯುವವರು ಸರಿಸಿ ಆಡಲು ಸಾಮಾನನ್ನು ಹೊತ್ತಿರುವುದಿಲ್ಲ. ನೀರು ಆಳ ಕಡಿಮೆಯಾದಲ್ಲಿ ದೋಣಿಯ ಹಿಂಭಾಗ ಕೆಳಗೆ ಕೂರುತ್ತದೆ, ಆಗ ಮೈಯನ್ನೇ ಮುಂದೆ ತರಬೇಕು. ಅವರಿಗೆ ಬೇಕಾದದ್ದು ಆಸನದ ಜೊತೆಗೇ ಜರುಗುವ ಬ್ರೇಸ್.

ಕೊಳವೆಗೆ ಬದಲು ಬೇರೆ ದಾರಿಗಳೂ ಇವೆ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ ಪುಟ್ಟ ಒಂಟಿ ದೋಣಿಗಳದೇ ಒಂದು ವಂಶವಿದೆ. ಜೆ. ಹೆನ್ರಿ ರಷ್ಟನ್ 1883ರಲ್ಲಿ ನೆಸ್‌ಮುಕ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್‌ಗೆ ಕಟ್ಟಿಕೊಟ್ಟ ಸೇರಿ ಗ್ಯಾಂಪ್ ಒಂಬತ್ತು ಅಡಿ ಉದ್ದ, ಹತ್ತೂವರೆ ಪೌಂಡ್ ತೂಕ, ಅಂದರೆ ಐದು ಕಿಲೋಗಿಂತ ಕಡಿಮೆ. ಸಿಯರ್ಸ್ ಅದರ ತಳದಲ್ಲೇ ಕೂತು ಎರಡಲಗಿನ ಹುಟ್ಟು ಹಾಕುತ್ತಾ 266 ಮೈಲಿ ತಿರುಗಿದರು. ಆ ಮನೆತನದ ಇಂದಿನ ಕುಡಿಗಳಲ್ಲಿ ಒಂದು ಡೇವಿಡ್ ಯೋಸ್ಟ್ ವಿನ್ಯಾಸದ, ಲೇಕ್ ಪ್ಲಾಸಿಡ್‌ನಲ್ಲಿ ಹುಟ್ಟಿದ ರ‍್ಯಾಪಿಡ್‌ಫೈರ್. ಈ ಜಾತಿಯ ದೋಣಿಗಳಲ್ಲಿ ಅಡ್ಡಕೊಳವೆಯ ಬದಲು ಕಯಾಕಿನಂತೆ ಎರಡೂ ಪಕ್ಕದಲ್ಲಿ ಬೇರೆ ಬೇರೆ ಪುಟ್ಟ ಕಾಲುಹಲಗೆ ಇಡುವುದುಂಟು. ತಳದಲ್ಲಿ ಕೂರುವ ಇಕ್ಕಟ್ಟಿನ ದೋಣಿಗೆ ಅದು ಚೆಂದವಾಗಿ ಹೊಂದುತ್ತದೆ: ಪ್ರತಿ ಕಾಲಿಗೂ ಬೇರೆ ಅಳತೆ, ನಡುವೆ ಏನೂ ಅಡ್ಡವಿಲ್ಲ. ಅದನ್ನೇ ಎತ್ತರದ ಆಸನದ ಅಗಲವಾದ ಕನೂವಿಗೆ ತಂದರೆ ಕಾಲು ಅತ್ತಿತ್ತ ಚಾಚಬೇಕು, ಪಾದದ ಹೊರ ಅಂಚು ಮಾತ್ರ ಹಲಗೆಗೆ ತಾಗುತ್ತದೆ, ಒತ್ತಿದ ಬಲ ಪಕ್ಕಕ್ಕೆ ಸೋರಿಹೋಗುತ್ತದೆ. ಅಲ್ಲಿ ಕೊಳವೆಯೇ ಸರಿ.

ಇನ್ನು ಚುಕ್ಕಾಣಿಯ ಪೆಡಲು. 1980ರಿಂದ 83ರವರೆಗೆ ಸ್ಟೀವ್ ಲ್ಯಾಂಡಿಕ್ ಜೊತೆ ಸುಮಾರು 28,000 ಮೈಲಿ ಕನೂ ಯಾತ್ರೆ ಮಾಡಿದ ಮಿಷಿಗನ್‌ನ ವರ್ಲನ್ ಕ್ರೂಗರ್ ವಿನ್ಯಾಸಗೊಳಿಸಿದ ಸೀ ವಿಂಡ್ ದೋಣಿಗೆ ಕಾಲಿನಿಂದ ಆಡಿಸುವ ಚುಕ್ಕಾಣಿಯಿದೆ. ದೊಡ್ಡ ನೀರಿನಲ್ಲಿ ಅದರ ಉಪಯೋಗ ಅಲ್ಲಗಳೆಯಲಾಗದು. ಆದರೆ ತತ್ವದ ಮಾತು ಬೇರೆ: ಒತ್ತಿದರೆ ಜರುಗುವ ಪೆಡಲಿನ ಮೇಲೆ ಬಲ ಹಾಕುವಂತಿಲ್ಲ, ಹಾಕಿದರೆ ದೋಣಿ ತಿರುಗುತ್ತದೆ. ಪಾದ ಊರುವ ಹಲಗೆ ಕದಲದೆ, ಬೆರಳಿನ ಒತ್ತಿಗೆ ಮಾತ್ರ ಚುಕ್ಕಾಣಿ ಆಡುವಂಥ ವ್ಯವಸ್ಥೆ ಕಯಾಕುಗಳಲ್ಲಿ ಬಂದಿದೆ. ಪೆಡಲು ಬೇಕೆನ್ನುವವರು ಅಂಥದ್ದನ್ನೇ ಕೇಳಿ ಪಡೆಯಬೇಕು. ಮುಂದಿಟ್ಟ ಚೀಲಕ್ಕೇ ಕಾಲು ಒತ್ತುವವರೂ ಇದ್ದಾರೆ. ಊಟದ ಸಾಮಾನು ದಿನದಿನವೂ ಕರಗುವ ಚೀಲ ಅದು. ಮೂರನೆಯ ದಿನಕ್ಕೆ ಬ್ರೇಸ್ ಮೆತ್ತಗಾಗಿರುತ್ತದೆ.

ಅಪಾಯದ ವಿಷಯವನ್ನು ಮಾರುವವರು ಹೇಳುವುದು ಅಪರೂಪ. ಕೊಳವೆ ತಳದಿಂದ ತುಸು ಮೇಲಿರುವುದರಿಂದ ಅದರ ಅಡಿಯಲ್ಲಿ ಪಾದ ನುಸುಳುವಷ್ಟು ಜಾಗ ಇರಬಹುದು. ದೋಣಿ ಮಗುಚಿದಾಗ ಬೂಟಿನ ಮೂತಿ ಅಲ್ಲಿ ಸಿಕ್ಕಿಕೊಂಡರೆ ಆಟವಲ್ಲ. ಹೊಸ ಜಾಗಕ್ಕೆ ಕೊಳವೆ ಬಿಗಿದ ಮೇಲೆ, ಪ್ರವಾಸಕ್ಕೆ ಹಾಕುವ ಅದೇ ಬೂಟು ಹಾಕಿಕೊಂಡು, ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಬೇಕೆಂದೇ ಒಮ್ಮೆ ಮಗುಚಿ ನೋಡಬೇಕು. ಕಾಲು ಸಲೀಸಾಗಿ ಹೊರಬರದಿದ್ದರೆ ಆ ಎತ್ತರ ಆ ಬೂಟಿಗೆ ಆಗದು. ರಭಸದ ಹೊಳೆಗೆ ಇಳಿಯುವವರಿಗಂತೂ ಈ ಕೊಳವೆ ಬೇಡವೇ ಬೇಡ. ಅವರು ಮಂಡಿಯೂರಿ ಕೂರುವುದೇ ಲೇಸು.

ಮಂಡಿಯೂರುವವರ ವಾದಕ್ಕೆ ಇಲ್ಲಿ ಬಲ ಬರುತ್ತದೆ ಎನಿಸಬಹುದು. ಕಾಲಿನ ಆಸರೆಯೇ ಕೃತಕ, ಮಂಡಿಗಿಂತ ಒಳ್ಳೆಯ ಬ್ರೇಸ್ ಇಲ್ಲ ಎನ್ನುತ್ತಾರೆ ಅವರು. ಅರ್ಧ ನಿಜ. ಒಲಿಂಪಿಕ್ಸಿನ ಒಂಟಿ ಕನೂವಿನ ಸಿ-1 ಓಟದಲ್ಲಿ ಒಂದು ಮಂಡಿ ದಿಂಬಿನ ಮೇಲೆ, ಇನ್ನೊಂದು ಪಾದ ಮುಂದೆ. 2021ರಲ್ಲಿ ನಡೆದ ಟೋಕಿಯೊ ಕೂಟದ ಮಹಿಳೆಯರ 200 ಮೀಟರಿನಲ್ಲಿ ಅಮೆರಿಕದ ನೆವಿನ್ ಹ್ಯಾರಿಸನ್ ಚಿನ್ನ ಗೆದ್ದದ್ದು ಹಾಗೆ ಕೂತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನೀಲ್ ಸಿಂಗ್ ಸಲಾಂ ಜೋಡಿ ಭಾರತಕ್ಕೆ ಸಿ-2 ಸಾವಿರ ಮೀಟರಿನ ಕಂಚು ತಂದದ್ದೂ ಹಾಗೆಯೇ. ಮಂಡಿಯೂರಿದವರೂ ಮುಂದಿನ ಪಾದಕ್ಕೆ ಒಂದು ತಡೆ ಹುಡುಕಿಕೊಳ್ಳುತ್ತಾರೆ ಎಂಬುದನ್ನು ಈ ವಾದ ಮರೆಮಾಚುತ್ತದೆ. ಜೊತೆಗೆ, ನಿಮಿಷಗಳಲ್ಲಿ ಮುಗಿಯುವ ಓಟಕ್ಕೆ ಸರಿಯಾದ ಭಂಗಿಯನ್ನು ದಿನವಿಡೀ ಕೆರೆ ದಾಟುವ ಐವತ್ತರ ಹರೆಯದವರ ಮೇಲೆ ಹೇರುವುದು ನ್ಯಾಯವಲ್ಲ.

ಅಂಥವರು ಹೆಚ್ಚಾಗಿ ಕಾಣುವುದು ಮಿನೆಸೋಟದ ಬೌಂಡರಿ ವಾಟರ್ಸ್ ಕಾಡಿನಲ್ಲಿ. ಸಾವಿರಕ್ಕೂ ಹೆಚ್ಚು ಕೆರೆಗಳು, ಕೆರೆಯಿಂದ ಕೆರೆಗೆ ದೋಣಿಯನ್ನು ಹೆಗಲ ಮೇಲೆ ಹೊರುವ ಕಾಲುದಾರಿಗಳು. ಆ ದಾರಿಗಳನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲೇ ಎಣಿಸುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ವೆನೋನಾದ ಪ್ರಿಸಂ ಎಂಬ ಸೋಲೋ ದೋಣಿಯ ಉದ್ದವೂ ಅಷ್ಟೇ. ಪ್ರತಿ ಹೊರೆದಾರಿಯಲ್ಲೂ ದೋಣಿ ಖಾಲಿಯಾಗಿ ಮತ್ತೆ ತುಂಬುತ್ತದೆ, ಚೀಲ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ, ತಿರುಪಿಗೆ ಕೆಸರು ಮೆತ್ತುತ್ತದೆ. ಅಂಗಡಿಯ ನೆಲದ ಮೇಲೆ ತೆಗೆದ ಅಳತೆ ಮೊದಲ ದಾರಿ ದಾಟುವಷ್ಟರಲ್ಲೇ ಹಳಸಿರುತ್ತದೆ.

ಆದ್ದರಿಂದ ಕ್ರಮ ತಿರುವುಮುರುವಾಗಬೇಕು. ಮೊದಲು ಸಾಮಾನು ತುಂಬಿ ದೋಣಿಯನ್ನು ನೀರಿಗಿಳಿಸಬೇಕು. ದಡದಲ್ಲಿ ನಿಂತ ಜೊತೆಗಾರರು ಮೂತಿಯೂ ಹಿಂಭಾಗವೂ ಸಮವಾಗಿ ಮುಳುಗಿವೆಯೇ ನೋಡಿ ಹೇಳಬೇಕು, ಅದಕ್ಕೆ ತಕ್ಕಂತೆ ಆಸನ ನಿಲ್ಲಬೇಕು. ಬ್ರೇಸಿನ ಜಾಗ ಹುಡುಕಬೇಕಾದದ್ದು ಅದಾದ ಮೇಲೆ, ಬೂಟು ಹಾಕಿ, ಒಂದಷ್ಟು ದೂರ ನಿಜವಾಗಿ ಹುಟ್ಟು ಹಾಕಿ, ದಡಕ್ಕೆ ಬಂದು ಒಂದು ತೂತು ಸರಿಸಿ, ಮತ್ತೆ ಹೋಗಿ. ಸಿಕ್ಕ ಜಾಗಕ್ಕೆ ಎರಡೂ ಪಕ್ಕದ ಪಟ್ಟಿಯಲ್ಲಿ ಬಣ್ಣದ ಚುಕ್ಕೆ ಇಟ್ಟುಬಿಟ್ಟರೆ ಓರೆಯ ತಂಟೆ ಇರುವುದಿಲ್ಲ.

ದೋಣಿ ಕಟ್ಟುವವರಿಗೆ ಕೇಳಬೇಕಾದದ್ದೂ ಇಷ್ಟೇ ಸರಳ. ಕೊಳವೆ ಕಳಚಿ ಅಂಗೈ ಅಗಲದ ಓರೆ ಹಲಗೆ ಕೊಡಿ, ಎತ್ತರಕ್ಕೆ ಎರಡಾದರೂ ತೂತು ಕೊರೆಯಿರಿ, ಜರುಗುವ ಆಸನ ಇರುವ ಮಾದರಿಗಳಲ್ಲಿ ಬ್ರೇಸನ್ನು ಆಸನದ ಚೌಕಟ್ಟಿಗೇ ಸೇರಿಸಿ. ತೂಕ ಒಂದಿಷ್ಟು ಹೆಚ್ಚೀತು. ಅಷ್ಟು ತೂಕವನ್ನು ಹೊರೆದಾರಿಯಲ್ಲಿ ಹೊರಲು ಬೆನ್ನು ನೆಟ್ಟಗಿರುವ ಗಿರಾಕಿ ತಕರಾರು ಮಾಡಲಾರ. ಅಲ್ಲಿಯವರೆಗೆ, ಹೊಸ ಸೋಲೋ ಕನೂ ಕೊಳ್ಳುವವರು ಅಂಗಡಿಯಲ್ಲಿ ಬಿಗಿದುಕೊಟ್ಟ ತಿರುಪನ್ನು ಮನೆಗೆ ಬಂದ ದಿನವೇ ಸಡಿಲಿಸಿಡಲಿ.